ವರ್ಷದ ಕೊನೆಯ ಸಂಭ್ರಮದಲ್ಲೇ ವೃತ್ತಿಯ ದಾರಿ ತೋರಿಸುವುದು ಹೇಗೆ? ಪ್ರೌಢಶಾಲೆಗಳಿಗೆ ಸಮಗ್ರ ಮಾರ್ಗದರ್ಶಿ

ಪ್ರೌಢಶಾಲೆ ಮುಗಿಯುವ ಹೊತ್ತಿಗೆ ಹೆಚ್ಚಿನ ಶಾಲೆಗಳಲ್ಲಿ ಎರಡು ಕಾರ್ಯಕ್ರಮ ನಡೆಯುತ್ತವೆ. ಒಂದು ಬೀಳ್ಕೊಡುಗೆಯ ಸಂಭ್ರಮ. ಇನ್ನೊಂದು ‘ಮುಂದೇನು?’ ಅನ್ನುವ ವೃತ್ತಿ ಮಾರ್ಗದರ್ಶನ. ಮೊದಲನೆಯದಕ್ಕೆ ಮಕ್ಕಳು ತಿಂಗಳುಗಟ್ಟಲೆ ಕಾದಿರುತ್ತಾರೆ. ಎರಡನೆಯದಕ್ಕೆ ಹಾಜರಿ ಕೂಗಿ ಕೂರಿಸಬೇಕು. ಯಾರೋ ಬಂದು ಒಂದೂವರೆ ಗಂಟೆ ಸ್ಲೈಡ್ ತೋರಿಸುತ್ತಾರೆ. ಹಿಂದಿನ ಸಾಲು ತೂಕಡಿಸುತ್ತದೆ. ಅಲ್ಲಿಗೆ ಕರ್ತವ್ಯ ಮುಗಿಯಿತು.

ಇವೆರಡನ್ನೂ ಸೇರಿಸಿಬಿಡಿ ಅನ್ನುವುದು ನನ್ನ ಸಲಹೆ. ಸುಮ್ನೆ ಒಂದೇ ದಿನ ಎರಡನ್ನೂ ಮುಗಿಸಿ ಕೈತೊಳೆದುಕೊಳ್ಳಿ ಅಂತ ಅಲ್ಲ. ಸಂಭ್ರಮದ ದಿನ ಶಾಲೆಗೆ ಯಾರೆಲ್ಲ ಬರುತ್ತಾರೆ ನೋಡಿ. ಅಪ್ಪ, ಅಮ್ಮ, ಅಕ್ಕ, ಅಣ್ಣ, ಹಳೆ ವಿದ್ಯಾರ್ಥಿಗಳು. ಇಷ್ಟು ಬಗೆಯ ಕೆಲಸ ಮಾಡುವ ಜನ ಒಂದೇ ಕಡೆ ಸಿಗುವ ದಿನ ವರ್ಷದಲ್ಲಿ ಇನ್ನೊಂದಿಲ್ಲ. ಜೊತೆಗೆ, ಸಂಭ್ರಮ ಅನ್ನುವುದೇ ಒಂದು ದೊಡ್ಡ ಕೆಲಸ. ಅದಕ್ಕೆ ಲೆಕ್ಕ ಇಡುವವರು ಬೇಕು, ಮೈಕ್ ನೋಡಿಕೊಳ್ಳುವವರು ಬೇಕು, ಜನರನ್ನು ಸಂಭಾಳಿಸುವವರು ಬೇಕು. ಆ ಕೆಲಸವನ್ನು ಮಕ್ಕಳ ಕೈಗೇ ಕೊಟ್ಟರೆ, ‘ನನಗೆ ಯಾವುದು ಒಗ್ಗುತ್ತದೆ’ ಅನ್ನುವುದಕ್ಕೆ ಯಾವ ಭಾಷಣದಿಂದಲೂ ಸಿಗದ ಉತ್ತರ ಸಿಗುತ್ತದೆ.

ಇದು ಯಾಕೆ ಮುಖ್ಯ ಅನ್ನುವುದಕ್ಕೆ ಒಂದು ಅಂಕಿ ಸಾಕು. ಹಲವು ದೇಶಗಳ ಮಕ್ಕಳ ಕಲಿಕೆಯನ್ನು ಅಳೆಯುವ ಪಿಸಾ ಸಮೀಕ್ಷೆಯಲ್ಲಿ, 2018ರಲ್ಲಿ, 15 ವರ್ಷದ ಮಕ್ಕಳಿಗೆ ‘30ನೇ ವಯಸ್ಸಿನಲ್ಲಿ ಯಾವ ಕೆಲಸದಲ್ಲಿ ಇರುತ್ತೀರಿ’ ಅಂತ ಕೇಳಿದ್ದರು. ಈ ಸಮೀಕ್ಷೆ ನಡೆಸುವ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) 41 ದೇಶಗಳ ಉತ್ತರಗಳನ್ನು ಸೇರಿಸಿ ನೋಡಿತು. ಹುಡುಗರಲ್ಲಿ 47%, ಹುಡುಗಿಯರಲ್ಲಿ 53% ಮಂದಿಯ ಉತ್ತರ ಬರೀ ಹತ್ತು ಕೆಲಸಗಳ ಒಳಗೇ ಮುಗಿದಿತ್ತು. ವೈದ್ಯರು, ಶಿಕ್ಷಕರು, ವಕೀಲರು, ಎಂಜಿನಿಯರ್, ಪೊಲೀಸ್ ಹೀಗೆ. 2000ದಲ್ಲಿ ಇದೇ ಅಂಕಿ 38% ಮತ್ತು 49% ಇತ್ತು. ಕೈಯಲ್ಲಿ ಇಂಟರ್ನೆಟ್ ಬಂದ ಮೇಲೂ ಕನಸಿನ ಪಟ್ಟಿ ಉದ್ದವಾಗಲಿಲ್ಲ, ಕುಗ್ಗಿತು. ಮಕ್ಕಳಿಗೆ ಆಸೆ ಕಡಿಮೆ ಅಂತ ಇದರ ಅರ್ಥವಲ್ಲ. ಕಂಡಿದ್ದರಲ್ಲಿ ಮಾತ್ರ ಆರಿಸಿಕೊಳ್ಳುತ್ತಾರೆ, ಅಷ್ಟೇ.

ಈಗ ಒಂದೊಂದೇ ಹಂತ ನೋಡೋಣ.

ಹಂತ 1: ದಿನ ಗೊತ್ತುಮಾಡಿ

ಎಂಟು ವಾರ ಮೊದಲೇ ಶುರು ಮಾಡಿ. ಅದಕ್ಕಿಂತ ತಡವಾದರೆ ಅತಿಥಿಗಳು ಸಿಗುವುದಿಲ್ಲ, ಮಕ್ಕಳಿಗೆ ಕೆಲಸ ಕಲಿಯಲು ಸಮಯವಿರುವುದಿಲ್ಲ. ಎಲ್ಲವೂ ಕೊನೆಗೆ ಇಬ್ಬರು ಶಿಕ್ಷಕರ ತಲೆ ಮೇಲೆ ಬೀಳುತ್ತದೆ.

ಪರೀಕ್ಷೆಗೆ ಮೊದಲೋ, ಆಮೇಲೋ? ಆಮೇಲೆ ಇಟ್ಟರೆ ಒಳ್ಳೆಯದು, ಮನಸ್ಸು ಹಗುರವಾಗಿರುತ್ತದೆ. ಆದರೆ ಒಂದು ಎಚ್ಚರ ಬೇಕು. ಮುಂದಿನ ಕೋರ್ಸ್‌ಗಳ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ ಯಾವಾಗ ಮುಗಿಯುತ್ತವೆ ಅಂತ ಮೊದಲು ಪಟ್ಟಿ ಮಾಡಿ. ಕೊನೆಯ ದಿನ ದಾಟಿದ ಮೇಲೆ ದಾರಿ ತೋರಿಸಿದರೆ ಏನು ಪ್ರಯೋಜನ? ಅರ್ಜಿಗಳು ಪರೀಕ್ಷೆಗೆ ಮೊದಲೇ ಮುಗಿಯುವ ಕಡೆ ಕಾರ್ಯಕ್ರಮವನ್ನು ಅದಕ್ಕೂ ಮೊದಲೇ ಇಡಬೇಕು.

ಅರ್ಧ ದಿನ ಸಾಕು. ಇಡೀ ದಿನ ಇಟ್ಟರೆ ಕೆಲಸ ಬಿಟ್ಟು ಬರುವ ಪೋಷಕರು ಕಡಿಮೆಯಾಗುತ್ತಾರೆ.

ಹಂತ 2: ಸಂಭ್ರಮದ ಕೆಲಸವನ್ನು ಮಕ್ಕಳಿಗೆ ಹಂಚಿ

ಇಡೀ ಯೋಜನೆಯ ಜೀವಾಳ ಇರುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಾಮಾನ್ಯವಾಗಿ ಏನಾಗುತ್ತದೆ? ಚೆನ್ನಾಗಿ ಓದುವ ನಾಲ್ಕು ಮಕ್ಕಳು ನಿರೂಪಣೆ, ಭಾಷಣ ಎಲ್ಲ ಮಾಡುತ್ತಾರೆ. ಗಟ್ಟಿಮುಟ್ಟಾದ ಹುಡುಗರು ಕುರ್ಚಿ ಹೊರುತ್ತಾರೆ. ಹುಡುಗಿಯರು ಅಲಂಕಾರ ಮಾಡುತ್ತಾರೆ. ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಈ ಹಂಚಿಕೆಯನ್ನು ಮೊದಲು ಮುರಿಯಿರಿ.

ಲಿಂಡಾ ಗಾಟ್‌ಫ್ರೆಡ್‌ಸನ್ ಅನ್ನುವ ಮನಶ್ಶಾಸ್ತ್ರಜ್ಞೆ 1981ರಲ್ಲಿ ಒಂದು ಸಿದ್ಧಾಂತ ಮುಂದಿಟ್ಟರು. ಮಕ್ಕಳು ಕೆಲಸಗಳನ್ನು ಆರಿಸುವುದಕ್ಕಿಂತ ಮೊದಲು ತಳ್ಳಿಹಾಕುತ್ತಾ ಹೋಗುತ್ತಾರೆ ಅನ್ನುವುದು ಅದರ ತಿರುಳು. 6ರಿಂದ 8ನೇ ವಯಸ್ಸಿಗೇ ‘ಇದು ಹುಡುಗರ ಕೆಲಸ, ಇದು ಹುಡುಗಿಯರ ಕೆಲಸ’ ಅಂತ ಕೆಲವು ಬಿಟ್ಟುಹೋಗುತ್ತವೆ. 9ರಿಂದ 13ರ ಹೊತ್ತಿಗೆ ‘ಇದಕ್ಕೆ ಮರ್ಯಾದೆ ಇಲ್ಲ’, ‘ಇದು ನಮ್ಮಂಥವರಿಗಲ್ಲ’ ಅಂತ ಇನ್ನಷ್ಟು ಬಿಟ್ಟುಹೋಗುತ್ತವೆ. ತನಗೇನು ಇಷ್ಟ ಅಂತ ಯೋಚಿಸುವ ಹೊತ್ತಿಗೆ ಪಟ್ಟಿಯ ಬಹುಭಾಗ ಖಾಲಿಯಾಗಿರುತ್ತದೆ. ಕಾರ್ಯಕ್ರಮದ ಕೆಲಸ ಹಂಚುವಾಗ ನಾವು ಅದೇ ಹಳೇ ಗೆರೆ ಮತ್ತೆ ಎಳೆಯಬಾರದು, ಅಲ್ವಾ?

ಪ್ರತಿ ಮಗುವಿನಿಂದ ಎರಡು ಆಯ್ಕೆ ಬರೆಸಿಕೊಳ್ಳಿ. ಒಂದು, ‘ನನಗೆ ಬರುವ ಕೆಲಸ’. ಇನ್ನೊಂದು, ‘ಇದುವರೆಗೆ ಮಾಡಿಲ್ಲ, ನೋಡಬೇಕು ಅನ್ನಿಸಿದ ಕೆಲಸ’. ಆದಷ್ಟೂ ಎರಡನೆಯದನ್ನೇ ಕೊಡಿ. ತಂಡದಲ್ಲಿ ಐದಾರು ಜನ ಇರಲಿ. ಪ್ರತಿ ತಂಡಕ್ಕೂ ಆ ಕೆಲಸವನ್ನು ದಿನನಿತ್ಯ ಮಾಡುವ ಒಬ್ಬ ದೊಡ್ಡವರನ್ನು ಹುಡುಕಿ. ಅವರು ಬಂದು ಮಾಡಿಕೊಡುವುದು ಬೇಡ. ಒಂದೆರಡು ಸಲ ಹೇಳಿಕೊಟ್ಟರೆ ಸಾಕು.

ಲೆಕ್ಕದ ತಂಡ. ಎಲ್ಲಕ್ಕಿಂತ ಮೊದಲು ಕೆಲಸ ಶುರು ಮಾಡುವವರು ಇವರು. ಬರುವ ಹಣ, ಹೋಗುವ ಹಣ ಎರಡನ್ನೂ ಒಂದು ಹಾಳೆಯಲ್ಲಿ ಬರೆಯಲಿ. ದೊಡ್ಡ ಖರ್ಚಿಗೆ ಮೂರು ಕಡೆ ದರ ಕೇಳಲಿ. ಒಟ್ಟು ಮೊತ್ತದಲ್ಲಿ ಹತ್ತರಲ್ಲಿ ಒಂದು ಪಾಲು ಮುಟ್ಟದೆ ಎತ್ತಿಡಲಿ. ಕೊನೇ ಗಳಿಗೆಯ ಖರ್ಚು ಬಂದೇ ಬರುತ್ತದೆ. ಪ್ರತಿ ಖರ್ಚಿಗೂ ಇಬ್ಬರ ಸಹಿ, ಒಂದು ರಸೀದಿ. ಕಾರ್ಯಕ್ರಮ ಮುಗಿದ ವಾರದಲ್ಲಿ ಲೆಕ್ಕವನ್ನು ಗೋಡೆಗೆ ಅಂಟಿಸಲಿ. ಒಂದು ಮಾತು ಖಡಾಖಂಡಿತ: ಯಾರು ಎಷ್ಟು ಕೊಟ್ಟರು ಅನ್ನುವ ಪಟ್ಟಿ ಮಾತ್ರ ಗೋಡೆಗೆ ಬರಬಾರದು. ಕೊಡಲಾಗದ ಮನೆಯ ಮಗುವಿಗೂ ಇದು ಅಷ್ಟೇ ಸ್ವಂತ ಸಂಭ್ರಮ.

ಧ್ವನಿ ಮತ್ತು ಬೆಳಕಿನ ತಂಡ. ಮೈಕ್ ಕುಂಯ್ ಅಂತ ಕೂಗುವುದು ಯಾಕೆ ಅನ್ನುವುದೇ ಇವರ ಮೊದಲ ಪಾಠ. ಸ್ಪೀಕರ್‌ನ ಸದ್ದು ಮತ್ತೆ ಮೈಕ್‌ಗೆ ನುಗ್ಗುತ್ತದೆ, ಇನ್ನೂ ದೊಡ್ಡದಾಗಿ ಹೊರಬರುತ್ತದೆ, ಮತ್ತೆ ನುಗ್ಗುತ್ತದೆ. ಹಾಗೆ ಸುತ್ತಿ ಸುತ್ತಿ ಆ ಕೂಗು ಏಳುತ್ತದೆ. ಸ್ಪೀಕರ್‌ಗಳನ್ನು ವೇದಿಕೆಯ ಮುಂದಕ್ಕಿಟ್ಟು, ಮೈಕ್ ಅವುಗಳ ಹಿಂದೆ ಇರುವಂತೆ ನೋಡಿಕೊಂಡರೆ ಅರ್ಧ ತೊಂದರೆ ತೀರಿತು. ಇನ್ನರ್ಧಕ್ಕೆ ಧ್ವನಿ ತಗ್ಗಿಸಬೇಕು. ಎರಡನೇ ಪಾಠ ವಿದ್ಯುತ್ತಿನ ಲೆಕ್ಕ. ಎಲ್ಲ ಉಪಕರಣಗಳ ವ್ಯಾಟ್ ಕೂಡಿಸಿ ವೋಲ್ಟ್‌ನಿಂದ ಭಾಗಿಸಿದರೆ ಎಷ್ಟು ಆಂಪಿಯರ್ ಬೇಕು ಅಂತ ಗೊತ್ತಾಗುತ್ತದೆ. 230 ವೋಲ್ಟ್ ಲೈನ್‌ನಲ್ಲಿ 2,300 ವ್ಯಾಟ್ ಉಪಕರಣ ಹಾಕಿದರೆ 10 ಆಂಪಿಯರ್ ಎಳೆಯುತ್ತದೆ. ಒಂದು ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಇನ್ನೊಂದನ್ನು ಸಿಕ್ಕಿಸುತ್ತಾ ಹೋಗುವುದು ಯಾಕೆ ಅಪಾಯ ಅಂತ ಆಗ ತಾನಾಗಿ ತಿಳಿಯುತ್ತದೆ. ಲೆಕ್ಕ ಮಕ್ಕಳು ಮಾಡಲಿ, ಆದರೆ ವೈರ್ ಜೋಡಿಸುವುದು ಕಡ್ಡಾಯವಾಗಿ ಎಲೆಕ್ಟ್ರಿಷಿಯನ್ ಕೆಲಸ. ಜನರೇಟರ್ ಇದ್ದರೆ ಅದು ಕಟ್ಟಡದ ಹೊರಗೆ, ಕಿಟಕಿಗಳಿಂದ ದೂರ ಇರಬೇಕು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಜೀವ ತೆಗೆಯುತ್ತದೆ.

ಸುರಕ್ಷತೆಯ ತಂಡ. ಎಲ್ಲ ಬಾಗಿಲುಗಳೂ ಬೀಗವಿಲ್ಲದೆ ತೆರೆದುಕೊಳ್ಳುತ್ತವೆಯೇ? ಕುರ್ಚಿಗಳ ನಡುವೆ ಗಾಲಿಕುರ್ಚಿ ಹೋಗುವಷ್ಟು ದಾರಿ ಇದೆಯೇ? ವೈರ್‌ಗಳ ಮೇಲೆ ಟೇಪ್ ಅಂಟಿದೆಯೇ? ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿದೆ? ಇವರು ಹಿಂದಿನ ದಿನ ಒಂದು ಸಲ, ಆ ದಿನ ಬೆಳಿಗ್ಗೆ ಒಂದು ಸಲ ಪಟ್ಟಿ ಹಿಡಿದು ಸುತ್ತಬೇಕು. ನೋಡಲು ಸಣ್ಣ ಕೆಲಸ. ಆದರೆ ಕಾರ್ಖಾನೆ, ವಿಮಾನ ನಿಲ್ದಾಣ, ಆಸ್ಪತ್ರೆ ಎಲ್ಲ ಕಡೆ ಇದನ್ನೇ ಪೂರ್ಣಾವಧಿ ವೃತ್ತಿಯಾಗಿ ಮಾಡುವವರಿದ್ದಾರೆ.

ವೇದಿಕೆ ವಿನ್ಯಾಸ, ನಿರೂಪಣೆ ಬರೆಯುವುದು, ಫೋಟೊ ಮತ್ತು ವಿಡಿಯೊ, ಅತಿಥಿಗಳ ಸ್ವಾಗತ, ಸ್ವಚ್ಛತೆ ಇವೂ ಒಂದೊಂದು ತಂಡ. ಫೋಟೊ ತಂಡಕ್ಕೆ ಒಂದು ನಿಯಮ ಹೇಳಿಕೊಡಿ. ಮಗುವಿನ ಮತ್ತು ಪೋಷಕರ ಒಪ್ಪಿಗೆ ಇಲ್ಲದೆ ಯಾವ ಚಿತ್ರವೂ ಹೊರಗೆ ಹೋಗಬಾರದು. ಸ್ವಚ್ಛತೆಯ ತಂಡಕ್ಕೆ ಶಿಕ್ಷಕರೂ ಸೇರಲಿ. ಇಲ್ಲದಿದ್ದರೆ ಅದು ಶಿಕ್ಷೆಯ ಕೆಲಸ ಅನ್ನಿಸಿಬಿಡುತ್ತದೆ.

ಪ್ರತಿ ತಂಡದ ಕೈಯಲ್ಲೂ ಒಂದು ನೋಟ್‌ಪುಸ್ತಕ ಇರಲಿ. ಇವತ್ತು ಏನು ಮಾಡಿದೆ, ಎಲ್ಲಿ ಸಿಕ್ಕಿಹಾಕಿಕೊಂಡೆ, ಯಾವಾಗ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ, ಇಷ್ಟು ಬರೆದರೆ ಸಾಕು. ಇದು ಆಮೇಲೆ ಬಹಳ ಕೆಲಸಕ್ಕೆ ಬರುತ್ತದೆ.

ಹಂತ 3: ಮಕ್ಕಳ ಆಸಕ್ತಿ ಗುರುತಿಸಿ

ವೃತ್ತಿ ಮಾರ್ಗದರ್ಶನವನ್ನು ಒಂದು ಶಾಸ್ತ್ರವಾಗಿ ಕಟ್ಟಿದವರಲ್ಲಿ ಮೊದಲಿಗರು ಫ್ರಾಂಕ್ ಪಾರ್ಸನ್ಸ್. 1908ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಅದಕ್ಕಾಗಿಯೇ ಒಂದು ಕಚೇರಿ ತೆರೆದರು. ಅವರ ಸೂತ್ರ ಸರಳ. ನಿನ್ನನ್ನು ತಿಳಿದುಕೋ, ಕೆಲಸವನ್ನು ತಿಳಿದುಕೋ, ಆಮೇಲೆ ಎರಡನ್ನೂ ಹೊಂದಿಸಿ ನೋಡು. ನಮ್ಮ ಕಾರ್ಯಕ್ರಮಗಳಲ್ಲಿ ಎರಡನೆಯದು ಮಾತ್ರ ನಡೆಯುತ್ತದೆ, ಅದೂ ಅರೆಬರೆ.

ಮೊದಲನೆಯದಕ್ಕೆ, ಅಂದರೆ ತನ್ನನ್ನು ತಿಳಿದುಕೊಳ್ಳುವುದಕ್ಕೆ, ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಮಾಡಿದ ಆರು ಗುಂಪು ಈಗಲೂ ಬಳಕೆಯಲ್ಲಿದೆ. ಕೈಯಿಂದ, ಉಪಕರಣದಿಂದ ಕೆಲಸ ಮಾಡುವವರು. ಕಾರಣ ಹುಡುಕುವವರು. ಹೊಸದನ್ನು ಕಟ್ಟುವ ಕಲೆಗಾರರು. ಜನರಿಗೆ ನೆರವಾಗುವವರು. ಮುಂದೆ ನಿಂತು ನಡೆಸುವವರು. ಅಚ್ಚುಕಟ್ಟಾಗಿ ಜೋಡಿಸಿಡುವವರು. ಯಾರೂ ಪೂರ್ತಿ ಒಂದೇ ಗುಂಪಿಗೆ ಸೇರುವುದಿಲ್ಲ. ಎರಡು ಮೂರು ಗುಂಪು ಬೆರೆತಿರುತ್ತವೆ. ಅಮೆರಿಕದ ಕಾರ್ಮಿಕ ಇಲಾಖೆಯ ಓ-ನೆಟ್ ತಾಣದಲ್ಲಿ ಇದೇ ಆಧಾರದ 60 ಪ್ರಶ್ನೆಗಳ ಪಟ್ಟಿ ಉಚಿತವಾಗಿ ಸಿಗುತ್ತದೆ. ಬೇಕಿದ್ದರೆ ಅದನ್ನು ನೋಡಿ ನಿಮ್ಮ ಮಕ್ಕಳಿಗೆ ಅರ್ಥವಾಗುವ ಹಾಗೆ ಪ್ರಶ್ನೆ ಮಾಡಿಕೊಳ್ಳಿ.

ಇಂಥ ಪಟ್ಟಿಯನ್ನು ಜಾತಕದ ಥರ ಓದಬೇಡಿ. ‘ನೀನು ಇದಕ್ಕೇ ಹುಟ್ಟಿದವನು’ ಅಂತ ಹೇಳುವ ಯಾವ ಪರೀಕ್ಷೆಯೂ ಇಲ್ಲ. ಹಾಗೆ ಹೇಳಿ ದುಬಾರಿ ಹಣ ಕೇಳುವವರು ಬಂದರೆ ಬಾಗಿಲಲ್ಲೇ ಕೈಮುಗಿದು ಕಳಿಸಿ.

ಹಂತ 4: ಅತಿಥಿಗಳನ್ನು ಕರೆಯಿರಿ, ಆದರೆ ಮುಖ್ಯ ಅತಿಥಿಯನ್ನಲ್ಲ

ಒಬ್ಬ ದೊಡ್ಡ ಮನುಷ್ಯರ ಬದಲು ಹದಿನೈದು ಸಾಮಾನ್ಯ ಕೆಲಸಗಾರರನ್ನು ಕರೆಯಿರಿ. ದೊಡ್ಡವರ ಸಾಧನೆ ಕೇಳಿ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಆದರೆ ಅಲ್ಲಿಗೆ ಹೋಗುವ ಮೊದಲ ಮೆಟ್ಟಿಲು ಕಾಣಿಸುವುದಿಲ್ಲ. ಎರಡು ವರ್ಷದ ಹಿಂದೆ ಇದೇ ಬೆಂಚಿನಲ್ಲಿ ಕೂತಿದ್ದ ಅಕ್ಕ ಬಂದು ‘ನಾನು ಅರ್ಜಿ ಹಾಕಿದ್ದು ಹೀಗೆ, ಮೊದಲ ತಿಂಗಳು ಅಳು ಬಂತು, ಈಗ ಪರವಾಗಿಲ್ಲ’ ಅಂದರೆ ಅದು ಮನಸ್ಸಿಗೆ ತಾಗುತ್ತದೆ.

ಯಾರನ್ನು ಕರೆಯುವುದು? ಪೋಷಕರ ಪಟ್ಟಿ ತೆಗೆಯಿರಿ, ಹಳೆ ವಿದ್ಯಾರ್ಥಿಗಳ ಪಟ್ಟಿ ತೆಗೆಯಿರಿ. ಆಮೇಲೆ ವೈವಿಧ್ಯ ಇದೆಯೇ ಅಂತ ಅಳೆಯಿರಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಜಗತ್ತಿನ ಕೆಲಸಗಳನ್ನೆಲ್ಲ 10 ದೊಡ್ಡ ವರ್ಗ ಮಾಡಿದೆ. ಮ್ಯಾನೇಜರ್‌ಗಳು, ಪದವಿ ಬೇಕಾಗುವ ವೃತ್ತಿಪರರು, ತಂತ್ರಜ್ಞರು, ಕಚೇರಿ ಸಿಬ್ಬಂದಿ, ಸೇವೆ ಮತ್ತು ಮಾರಾಟದವರು, ಕೃಷಿ ಮತ್ತು ಮೀನುಗಾರಿಕೆಯವರು, ಕುಶಲಕರ್ಮಿಗಳು, ಯಂತ್ರ ನಡೆಸುವವರು ಮತ್ತು ಚಾಲಕರು, ಸರಳ ದುಡಿಮೆಯವರು, ಸೇನೆಯವರು. ಒಳಗೆ ಬಿಡಿಸುತ್ತಾ ಹೋದರೆ 436 ಉಪಗುಂಪುಗಳಾಗುತ್ತವೆ. ಮಕ್ಕಳ ಬಾಯಲ್ಲಿ ಬರುವ ಹತ್ತು ಕೆಲಸಗಳ ಮುಂದೆ ಈ 436 ಅನ್ನು ಇಟ್ಟು ನೋಡಿ. ನಿಮ್ಮ ಹದಿನೈದು ಅತಿಥಿಗಳು ಕನಿಷ್ಠ ಆರೇಳು ವರ್ಗಗಳಿಂದ ಬರಲಿ. ಎಲ್ಲರೂ ಪದವಿ ಬೇಕಾಗುವ ವೃತ್ತಿಪರರೇ ಆದರೆ ಪಟ್ಟಿ ಹರಿದು ಮತ್ತೆ ಮಾಡಿ.

ಮಹಿಳಾ ವೆಲ್ಡರ್, ಪುರುಷ ನರ್ಸ್ ಸಿಕ್ಕರೆ ಬಿಡಲೇಬೇಡಿ. ಜರ್ಮನಿಯಲ್ಲಿ 2001ರಿಂದ ‘ಗರ್ಲ್ಸ್ ಡೇ’ ಅಂತ ಒಂದು ದಿನ ನಡೆಯುತ್ತದೆ. ಹೆಂಗಸರು ಕಡಿಮೆ ಇರುವ ತಾಂತ್ರಿಕ ಕೆಲಸಗಳ ಜಾಗಕ್ಕೇ ಹುಡುಗಿಯರನ್ನು ಕರೆದೊಯ್ದು ತೋರಿಸುತ್ತಾರೆ. ಕಣ್ಣಾರೆ ಕಂಡ ಮೇಲೆ ‘ಇದು ನಮಗಲ್ಲ’ ಅನ್ನುವುದು ಕಷ್ಟ.

ಕರೆಯುವ ಪತ್ರದಲ್ಲಿ ನಾಲ್ಕು ಮಾತು ಸ್ಪಷ್ಟವಾಗಿರಲಿ. ಭಾಷಣ ಇರುವುದಿಲ್ಲ, ಮೇಜಿನ ಸುತ್ತ ಮಾತುಕತೆ ಇರುತ್ತದೆ. ನಿಮ್ಮ ಕೆಲಸದ ಒಂದು ಉಪಕರಣ ತನ್ನಿ, ಚೂಪಾದ್ದು ಬೇಡ. ಬೇಸರದ ಭಾಗವನ್ನೂ ಹೇಳಿ. ನಿಮ್ಮ ಸಂಸ್ಥೆಯ ಜಾಹೀರಾತು ಮಾಡಬೇಡಿ. ಕೊನೆಯದು ಬಹಳ ಮುಖ್ಯ. ಖಾಸಗಿ ಕಾಲೇಜು, ಕೋಚಿಂಗ್ ಕೇಂದ್ರಗಳು ಪ್ರಾಯೋಜಕರಾಗಲು ಓಡಿಬರುತ್ತವೆ. ಬ್ಯಾನರ್ ಖರ್ಚು ಉಳಿಯುತ್ತದೆ ನಿಜ, ಆದರೆ ಸಂಜೆಯೊಳಗೆ ಎಲ್ಲ ಮಕ್ಕಳ ಫೋನ್ ನಂಬರ್ ಅವರ ಕೈಯಲ್ಲಿರುತ್ತದೆ.

ಮಕ್ಕಳ ರಕ್ಷಣೆಯ ವಿಷಯದಲ್ಲಿ ಸಂಕೋಚ ಬೇಡ. ಯಾವ ಅತಿಥಿಯೂ ಮಗುವಿನ ಜೊತೆ ಒಬ್ಬಂಟಿಯಾಗಿ ಇರುವಂತಿಲ್ಲ. ಫೋನ್ ನಂಬರ್, ಸಾಮಾಜಿಕ ಜಾಲತಾಣದ ವಿವರ ಹಂಚಿಕೊಳ್ಳುವಂತಿಲ್ಲ. ಆಮೇಲೆ ಏನಾದರೂ ಕೇಳಬೇಕಿದ್ದರೆ ಶಿಕ್ಷಕರ ಮೂಲಕ. ಇದನ್ನೂ ಪತ್ರದಲ್ಲೇ ಬರೆಯಿರಿ. ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ.

ಹಂತ 5: ಆ ದಿನ ನಡೆಸುವುದು

ಮಾತುಕತೆ ಮೊದಲು, ಹಾಡು ಕುಣಿತ ಆಮೇಲೆ. ತಿರುವು ಮುರುವು ಮಾಡಿದರೆ ಮೇಜುಗಳ ಮುಂದೆ ಅತಿಥಿಗಳು ಮಾತ್ರ ಉಳಿಯುತ್ತಾರೆ.

ಸ್ವಾಗತ, ಪರಿಚಯ ಎಲ್ಲ ಸೇರಿ ಹದಿನೈದು ನಿಮಿಷ ಮೀರಬಾರದು. ಒಬ್ಬರಿಗೆ ಮೂರು ನಿಮಿಷ. ಮುಖ್ಯೋಪಾಧ್ಯಾಯರಿಗೂ ಅಷ್ಟೇ. ಸಮಯ ನೋಡುವ ಕೆಲಸವನ್ನು ಒಬ್ಬ ವಿದ್ಯಾರ್ಥಿಗೆ ಕೊಟ್ಟು ಕೈಗೆ ಗಂಟೆ ಕೊಡಿ. ಮಕ್ಕಳು ಈ ಕೆಲಸವನ್ನು ಅದೆಷ್ಟು ಶ್ರದ್ಧೆಯಿಂದ ಮಾಡುತ್ತಾರೆ ಅಂದರೆ ನೋಡಲು ಖುಷಿಯಾಗುತ್ತದೆ.

ಆಮೇಲೆ ಮೇಜುಗಳು. 120 ವಿದ್ಯಾರ್ಥಿಗಳಿದ್ದರೆ 15 ಮೇಜು, ಒಂದೊಂದರಲ್ಲಿ ಒಬ್ಬ ಅತಿಥಿ, ಎಂಟು ಮಕ್ಕಳು. ಒಂದು ಸುತ್ತು 12 ನಿಮಿಷ, ಮೇಜು ಬದಲಿಸಲು 3 ನಿಮಿಷ. ನಾಲ್ಕು ಸುತ್ತಿಗೆ ಸರಿಯಾಗಿ ಒಂದು ಗಂಟೆ. ಯಾರು ಯಾವ ಮೇಜಿಗೆ ಅನ್ನುವುದನ್ನು ಮೊದಲೇ ಬರೆದ ಚೀಟಿ ಕೊಡಿ. ನಾಲ್ಕರಲ್ಲಿ ಎರಡು ಮೇಜು ಮಗು ಕೇಳಿದ್ದು. ಒಂದು ಲಾಟರಿ. ಇನ್ನೊಂದು, ಆಸಕ್ತಿ ಪಟ್ಟಿಯಲ್ಲಿ ಅದರ ಆಯ್ಕೆಗೆ ದೂರವಾದದ್ದು. ಸ್ವಲ್ಪ ಗೊಣಗಾಟ ಇರುತ್ತದೆ, ಇರಲಿ. ಸ್ವಂತ ಆಯ್ಕೆಯ ಮೇಜುಗಳನ್ನಷ್ಟೇ ಕೊಟ್ಟರೆ ಹತ್ತು ಕೆಲಸಗಳ ಪಟ್ಟಿ ಹನ್ನೊಂದಾಗುವುದಿಲ್ಲ.

ಪ್ರಶ್ನೆಗಳನ್ನು ಮೊದಲೇ ಅಭ್ಯಾಸ ಮಾಡಿಸಿ. ಇಲ್ಲದಿದ್ದರೆ ಮೊದಲ ಐದು ನಿಮಿಷ ಎಲ್ಲರೂ ಮೇಜು ನೋಡುತ್ತಾ ಕೂರುತ್ತಾರೆ. ‘ನಿಮ್ಮ ಕೆಲಸ ಇಷ್ಟವೇ?’ ಅಂತ ಕೇಳಿದರೆ ‘ಹೌದು’ ಅಂತಾರೆ, ಮಾತು ಮುಗಿಯಿತು. ಅದರ ಬದಲು ಇವನ್ನು ಕೇಳಲಿ:

- ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದಿರಿ?
- ಈ ಕೆಲಸದಲ್ಲಿ ನಿಮಗೆ ಬೇಸರ ಬರಿಸುವುದು ಯಾವುದು?
- ನಮ್ಮ ವಯಸ್ಸಿನಲ್ಲಿ ಏನಾಗಬೇಕು ಅಂದುಕೊಂಡಿದ್ದಿರಿ? ಇಲ್ಲಿಗೆ ಹೇಗೆ ಬಂದಿರಿ?
- ಹೊಸದಾಗಿ ಸೇರುವವರಿಗೆ ಸುಮಾರು ಎಷ್ಟು ಸಂಬಳ ಸಿಗುತ್ತದೆ?
- ಕಲಿಯಲು ಎಷ್ಟು ವರ್ಷ, ಎಷ್ಟು ಖರ್ಚು? ಕಡಿಮೆ ಖರ್ಚಿನ ದಾರಿ ಇದೆಯೇ?
- ಹತ್ತು ವರ್ಷದಲ್ಲಿ ಈ ಕೆಲಸ ಎಷ್ಟು ಬದಲಾಗಿದೆ?

‘ನಿಮ್ಮ ಸಂಬಳ ಎಷ್ಟು?’ ಅನ್ನುವುದಕ್ಕೂ ನಾಲ್ಕನೇ ಪ್ರಶ್ನೆಗೂ ಇರುವ ವ್ಯತ್ಯಾಸವನ್ನು ತಿಳಿಸಿಕೊಡಿ. ಹಣದ ಮಾತು ಕೆಟ್ಟದ್ದಲ್ಲ, ಕೇಳುವ ರೀತಿ ಇರಬೇಕು.

ಮಾತಾಡಲು ನಾಚುವ ಮಗು ಪ್ರತಿ ಮೇಜಿನಲ್ಲೂ ಒಂದಿರುತ್ತದೆ. ಅವರ ಕೈಗೆ ಬರೆದ ಪ್ರಶ್ನೆಯ ಚೀಟಿ ಕೊಡಿ, ಓದಿದರೆ ಸಾಕು. ಒಂದು ಗಂಟೆ ಮುಗಿದ ಮೇಲೆ ಸಂಭ್ರಮ ಶುರುವಾಗಲಿ. ಅತಿಥಿಗಳನ್ನೂ ಕೂರಿಸಿಕೊಳ್ಳಿ. ಬಹುಮಾನ ಕೊಡುವುದಿದ್ದರೆ ಅಂಕಗಳಿಗೆ ಮಾತ್ರ ಕೊಡಬೇಡಿ. ಧ್ವನಿ ತಂಡವನ್ನೂ ಲೆಕ್ಕದ ತಂಡವನ್ನೂ ವೇದಿಕೆಗೆ ಕರೆಯಿರಿ. ತೆರೆಮರೆಯ ಕೆಲಸಕ್ಕೂ ಹೆಸರಿದೆ ಅಂತ ಪೋಷಕರಿಗೂ ಆಗ ಕಾಣುತ್ತದೆ.

ಹಂತ 6: ಪೋಷಕರಿಗೆ ಒಂದು ಮೇಜು

ತೀರ್ಮಾನ ಅರ್ಧಕ್ಕರ್ಧ ಮನೆಯಲ್ಲೇ ಆಗುತ್ತದೆ. ಹಾಗಾಗಿ ಮಕ್ಕಳು ಸುತ್ತುವಾಗ ಪೋಷಕರಿಗೂ ಒಂದು ಮೇಜು ಇರಲಿ. ಅಲ್ಲಿ ಒಂದು ಪುಟದ ಹಾಳೆ ಕೊಡಿ. ಮುಂದಿನ ದಾರಿಗಳು ಯಾವುವು, ಪ್ರತಿ ದಾರಿಗೂ ಎಷ್ಟು ವರ್ಷ, ಎಷ್ಟು ಖರ್ಚು, ಅರ್ಜಿಯ ಕೊನೆಯ ದಿನ ಯಾವಾಗ, ನೆರವು ಏನಿದೆ. ಇಷ್ಟನ್ನು ಪ್ರತಿ ವರ್ಷ ಹೊಸದಾಗಿ ಪರಿಶೀಲಿಸಿ ಬರೆಯಬೇಕು. ಹೋದ ವರ್ಷದ ದಿನಾಂಕ ನಕಲು ಮಾಡಿದರೆ ಯಾರದೋ ಒಂದು ವರ್ಷ ಹಾಳಾಗುತ್ತದೆ.

‘ಓದಲು ಬರದವರು ಮಾತ್ರ ಕೈಕೆಲಸ ಕಲಿಯುತ್ತಾರೆ’ ಅನ್ನುವ ಮಾತು ಖಂಡಿತ ಬರುತ್ತದೆ. ಸ್ವಿಟ್ಜರ್ಲೆಂಡ್‌ನ ಉದಾಹರಣೆ ಕೊಡಿ. ಅಲ್ಲಿ ಕಡ್ಡಾಯ ಶಿಕ್ಷಣ ಮುಗಿಸಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ವೃತ್ತಿ ತರಬೇತಿಗೆ ಹೋಗುತ್ತಾರೆ. ವಾರದಲ್ಲಿ ಮೂರು ನಾಲ್ಕು ದಿನ ಸಂಸ್ಥೆಯಲ್ಲಿ ಕೆಲಸ, ಉಳಿದ ದಿನ ತರಗತಿ. ಕಲಿಯುವಾಗಲೇ ಸ್ವಲ್ಪ ಸಂಬಳವೂ ಇದೆ. ಬೇಕೆನಿಸಿದರೆ ಅಲ್ಲಿಂದ ಉನ್ನತ ಶಿಕ್ಷಣಕ್ಕೂ ದಾರಿ ತೆರೆದಿರುತ್ತದೆ. ಜರ್ಮನಿಯಲ್ಲೂ ಇದೇ ಕ್ರಮದಲ್ಲಿ 300ಕ್ಕೂ ಹೆಚ್ಚು ವೃತ್ತಿಗಳಿಗೆ ತರಬೇತಿ ಇದೆ. ಎಲ್ಲ ದೇಶಗಳಲ್ಲೂ ವ್ಯವಸ್ಥೆ ಇಷ್ಟು ಗಟ್ಟಿಯಾಗಿಲ್ಲ ಅನ್ನುವುದೂ ನಿಜ. ಅದಕ್ಕೇ ತರಬೇತಿ ಕೋರ್ಸ್ ಆರಿಸುವಾಗ ‘ಇದಾದ ಮೇಲೆ ಮುಂದೆ ಓದಬಹುದೇ?’ ಅನ್ನುವ ಪ್ರಶ್ನೆ ಮೊದಲು ಕೇಳಬೇಕು.

ಎರಡು ವಿಷಯ ಪೋಷಕರಿಗೆ ಯಾರೂ ಹೇಳುವುದಿಲ್ಲ. ಒಂದು, ಕಣ್ಣಿನ ಪರೀಕ್ಷೆ. ಪೈಲಟ್, ರೈಲು ಚಾಲಕ, ಹಡಗು ನಡೆಸುವವರು, ಇಂಥ ಕೆಲಸಗಳಿಗೆ ಬಣ್ಣ ಗುರುತಿಸುವ ಪರೀಕ್ಷೆ ಇರುತ್ತದೆ. ಕೆಂಪು ಹಸಿರು ಗೊಂದಲ ಗಂಡುಮಕ್ಕಳಲ್ಲಿ ಜಾಸ್ತಿ. ಯುರೋಪ್ ಮೂಲದವರಲ್ಲಿ ಸುಮಾರು 12 ಗಂಡಸರಿಗೆ ಒಬ್ಬರಲ್ಲಿ ಇದು ಕಾಣುತ್ತದೆ. ಎಷ್ಟೋ ಜನಕ್ಕೆ ಇದು ತಿಳಿಯುವುದೇ ಕೆಲಸದ ಆಯ್ಕೆಯ ಕೊನೇ ಹಂತದಲ್ಲಿ. ಈಗಲೇ ಪರೀಕ್ಷೆ ಮಾಡಿಸಿದರೆ ವರ್ಷಗಟ್ಟಲೆ ಕಷ್ಟ ಉಳಿಯುತ್ತದೆ.

ಎರಡು, ಮೋಸ. ಕೆಲಸ ಕೊಡಲು ಹಣ ಕೇಳಿದರೆ ಅದು ಮೋಸ. ‘ನೂರಕ್ಕೆ ನೂರು ಕೆಲಸ ಗ್ಯಾರಂಟಿ’ ಅಂದರೆ ಅನುಮಾನ ಪಡಿ. ‘ಇವತ್ತೇ ಕಟ್ಟಿದರೆ ಮಾತ್ರ ಸೀಟು’ ಅಂದರೆ ಎದ್ದು ಬನ್ನಿ. ಕೋರ್ಸ್‌ಗೆ ಸರ್ಕಾರದ ಮಾನ್ಯತೆ ಇದೆಯೇ ಅಂತ ಅವರ ಕರಪತ್ರದಲ್ಲಿ ನೋಡಬೇಡಿ. ಮಾನ್ಯತೆ ಕೊಡುವ ಇಲಾಖೆಯ ಪಟ್ಟಿಯಲ್ಲಿ ನೋಡಿ.

ಹಂತ 7: ಒಂದು ವಾರದೊಳಗೆ ಮಾತಾಡಿಸಿ

ಕುರ್ಚಿ ವಾಪಸ್ ಹೋದ ಮೇಲೆ ಎಲ್ಲರೂ ಸುಸ್ತಾಗಿರುತ್ತಾರೆ. ಆದರೂ ಈ ಹಂತ ಬಿಟ್ಟರೆ ಹಿಂದಿನದೆಲ್ಲ ಬರೀ ಮೋಜಾಗಿ ಉಳಿಯುತ್ತದೆ. ಪ್ರತಿ ಮಗುವಿನ ಜೊತೆ ಹತ್ತು ನಿಮಿಷ ಕೂತು ನೋಟ್‌ಪುಸ್ತಕ ತೆರೆಯಿರಿ. ಯಾವ ಕೆಲಸ ಮಾಡುವಾಗ ಹೊತ್ತು ಹೋಗಿದ್ದು ಗೊತ್ತಾಗಲಿಲ್ಲ? ಜನರ ಜೊತೆಯ ಕೆಲಸವೋ, ಒಬ್ಬಳೇ ಕೂತು ಮಾಡಿದ್ದೋ? ನಾಲ್ಕು ಮೇಜಿನಲ್ಲಿ ಯಾವ ಮಾತು ನೆನಪಿದೆ? ‘ಇದು ನನಗೆ ಖಂಡಿತ ಬೇಡ’ ಅಂತ ಗೊತ್ತಾಗಿದ್ದು ಯಾವುದು? ಕೊನೆಯದೂ ದೊಡ್ಡ ಲಾಭವೇ.

‘ಇನ್ನೂ ಗೊತ್ತಿಲ್ಲ’ ಅನ್ನುವ ಮಗುವನ್ನು ಹೆದರಿಸಬೇಡಿ. ಮನಶ್ಶಾಸ್ತ್ರಜ್ಞ ಜಾನ್ ಕ್ರಂಬೋಲ್ಟ್ಸ್ ಮತ್ತು ಅವರ ಸಂಗಡಿಗರು 1999ರಲ್ಲಿ ಬರೆದಂತೆ, ವೃತ್ತಿ ಜೀವನದಲ್ಲಿ ಆಕಸ್ಮಿಕಗಳ ಪಾತ್ರ ದೊಡ್ಡದು. ಅವನ್ನು ಬಳಸಿಕೊಳ್ಳಲು ಕುತೂಹಲ, ಹಿಡಿದದ್ದು ಬಿಡದ ಹಟ, ಹೊಂದಿಕೊಳ್ಳುವ ಗುಣ, ಭರವಸೆ, ಸ್ವಲ್ಪ ಧೈರ್ಯ ಇರಬೇಕು. ಗೊತ್ತಿಲ್ಲದವರಿಗೆ ಆದಷ್ಟು ಬಾಗಿಲು ತೆರೆದಿಡುವ ಕೋರ್ಸ್ ಹೇಳಿ, ಅಷ್ಟು ಸಾಕು.

ಹಂತ 8: ಕೆಲಸದ ಜಾಗಕ್ಕೆ ಕಳಿಸಿ

ಆಸಕ್ತಿ ತೋರಿದ ಮಕ್ಕಳನ್ನು ಅದೇ ಅತಿಥಿಗಳ ಕೆಲಸದ ಜಾಗಕ್ಕೆ ಒಂದೆರಡು ದಿನ ಕಳಿಸಿ. ಸಾಧ್ಯವಾದರೆ ಇಬ್ಬಿಬ್ಬರನ್ನು ಜೊತೆಯಾಗಿ. ಜಪಾನಿನ ಹ್ಯೋಗೊ ಪ್ರಾಂತ್ಯದಲ್ಲಿ 1998ರಿಂದ ಶಾಲಾ ಮಕ್ಕಳಿಗೆ ಇಡೀ ಐದು ದಿನ ಹೀಗೆ ಕೆಲಸದ ಅನುಭವ ಕೊಡುತ್ತಿದ್ದಾರೆ. ಅಷ್ಟು ಆಗದಿದ್ದರೆ ಒಂದು ದಿನವಾದರೂ ಆಗಲಿ.

ಇದು ನೋಡಿ ಕಲಿಯುವ ದಿನ, ಬಿಟ್ಟಿ ದುಡಿಮೆಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1973ರ 138ನೇ ಒಪ್ಪಂದದ ಪ್ರಕಾರ ಕೆಲಸಕ್ಕೆ ಸೇರುವ ಕನಿಷ್ಠ ವಯಸ್ಸು ಸಾಮಾನ್ಯವಾಗಿ 15. ಅಪಾಯದ ಕೆಲಸಕ್ಕೆ 18. ನಿಮ್ಮ ದೇಶದ ಕಾನೂನು ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಪಾಲಿಸಿ. ಪೋಷಕರ ಲಿಖಿತ ಒಪ್ಪಿಗೆ, ಹೋಗಿಬರುವ ವ್ಯವಸ್ಥೆ, ಅಲ್ಲಿ ಜವಾಬ್ದಾರಿ ಹೊತ್ತವರ ಹೆಸರು, ಮೂರೂ ಕಾಗದದಲ್ಲಿರಲಿ.

ಫಲಿತಾಂಶ ಬಂದ ದಿನ ಶಾಲೆಯಲ್ಲಿ ಒಬ್ಬ ಶಿಕ್ಷಕರಾದರೂ ಕೂತಿರಬೇಕು. ಪಾಸಾಗದವರಿಗೆ ಮರುಪರೀಕ್ಷೆಯ ದಿನಾಂಕ, ಅರ್ಜಿ, ಅವರಿಗೂ ತೆರೆದಿರುವ ತರಬೇತಿಗಳ ಪಟ್ಟಿ ಅದೇ ದಿನ ಕೈಗೆ ಸಿಗಲಿ. ಸಂಭ್ರಮದಲ್ಲಿ ದೀಪ ಹಚ್ಚಿ ಮೈಕ್ ಹಿಡಿದಿದ್ದ ಮಕ್ಕಳೇ ಇವರು. ಅವರು ಮಾಡಿದ ಕೆಲಸ ನೋಟ್‌ಪುಸ್ತಕದಲ್ಲಿ ಇದೆ, ಮಾತು ಅಲ್ಲಿಂದ ಶುರು ಮಾಡಿ.

ಮೂರು ತಿಂಗಳಾದ ಮೇಲೆ ಪ್ರತಿ ಮನೆಗೂ ಒಂದು ಫೋನ್ ಮಾಡಿ. ಎಲ್ಲಿ ಸೇರಿದ್ದಾರೆ, ಸೇರದಿದ್ದರೆ ಯಾಕೆ, ಹಣದ ತೊಂದರೆಯೋ, ದೂರವೋ, ಮನೆಯವರ ಒಪ್ಪಿಗೆಯೋ ಅಂತ ಬರೆದಿಡಿ. ಸೇರಿದವರಿಗೆ ಇನ್ನೊಂದು ಪ್ರಶ್ನೆ ಕೇಳಿ: ಮುಂದಿನ ವರ್ಷ ಒಂದು ಮೇಜಿನಲ್ಲಿ ಕೂರಲು ಬರುತ್ತೀರಾ?